ಜೆರ್ಸಿಯ ಹಿಂಜೇಬಿನಲ್ಲಿ ಪಿಸ್ತೂಲು: ಟೆಕ್ಸಾಸಿನ ಕನ್ನಡಿಗ ಸೈಕಲ್ ಸವಾರರಿಗೆ ಒಂದು ಬಹಿರಂಗ ಪತ್ರ

ಟೆಕ್ಸಾಸಿನಲ್ಲಿ ಸೈಕಲ್ ತುಳಿಯುವ ಎಲ್ಲ ಕನ್ನಡಿಗ ಬಂಧುಗಳಿಗೆ ನಮಸ್ಕಾರಗಳು.

ಕಳೆದ ತಿಂಗಳ ಒಂದು ಭಾನುವಾರ, ಲಿಯಾಂಡರ್ ಊರಿನಾಚೆಯ ಪೆಟ್ರೋಲ್ ಬಂಕೊಂದರ ಮುಂದೆ ನಾವು ಎಂಟು ಮಂದಿ ನೀರು ಕುಡಿಯಲು ನಿಂತಿದ್ದಾಗ, ನಮ್ಮಲ್ಲೊಬ್ಬರು ಜೆರ್ಸಿಯ ಬೆನ್ನ ಮೇಲಿನ ಜೇಬುಗಳನ್ನು ಬರಿದು ಮಾಡಿ ಅದರಲ್ಲಿದ್ದುದನ್ನೆಲ್ಲ ಸಿಮೆಂಟ್ ಕಟ್ಟೆಯ ಮೇಲೆ ಒಂದೊಂದಾಗಿ ಇಟ್ಟರು. ನಜ್ಜುಗುಜ್ಜಾದ ಬಾಳೆಹಣ್ಣು, ಕಡಲೆಚಿಕ್ಕಿ, ಟೈರು ಬಿಚ್ಚುವ ಪ್ಲಾಸ್ಟಿಕ್ ಕಡ್ಡಿಗಳು, ಒಂದು ಟ್ಯೂಬು, ಕೊನೆಗೆ ಜಿಪ್‌ಲಾಕ್ ಚೀಲದೊಳಗೆ ಅಂಗೈಯಷ್ಟಗಲದ ಒಂದು ಕಪ್ಪು ಪಿಸ್ತೂಲು. ಬೆವರು ತಾಗಿ ತುಕ್ಕು ಹಿಡಿಯದಿರಲೆಂದು ಆ ಚೀಲ. ಆದರೂ ಅದರ ಒಳಮೈಯಲ್ಲಿ ಹನಿಗಳು ಕಟ್ಟಿದ್ದವು. "ಕಾಲ ಕೆಟ್ಟಿದೆ ಸಾರ್, ಇರಲಿ ಅಂತ" ಎಂದು ಅವರು ಸಂಕೋಚದಿಂದ ನಕ್ಕರು. ಅಂದು ಸಂಜೆಯೇ ಇನ್ನಿಬ್ಬರು ಅದು ಯಾವ ಮಾದರಿ, ತೂಕವೆಷ್ಟು, ಎಲ್ಲಿ ಕೊಂಡಿರಿ ಎಂದು ಅವರನ್ನು ವಿಚಾರಿಸಿದರು. ವಾರ ಕಳೆಯುವಷ್ಟರಲ್ಲಿ, ದೂರದ ಸವಾರಿಗಳಲ್ಲಿ ಗುಂಪಿಗೊಬ್ಬರಾದರೂ ಪಿಸ್ತೂಲು ಇಟ್ಟುಕೊಂಡಿರುವುದು ಒಳ್ಳೆಯದೆಂಬ ಸಲಹೆ ಬಂತು. ಆ ಸಲಹೆಗೆ ಎದುರಾಗಿ ಈ ಪತ್ರ ಬರೆಯುತ್ತಿದ್ದೇನೆ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್‌ಗಳ ಬೇರೆ ಬೇರೆ ಗುಂಪುಗಳಲ್ಲೂ ಇದೇ ಮಾತು ನಡೆದಿದೆಯೆಂದು ಕೇಳಿರುವುದರಿಂದ ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಆ ಸಲಹೆಯ ಹಿಂದಿರುವ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2017ರ ಫೆಬ್ರವರಿಯಲ್ಲಿ ಕ್ಯಾನ್ಸಾಸಿನ ಓಲೇಥಾ ಊರಿನ ಬಾರೊಂದರಲ್ಲಿ, ದೇಶ ಬಿಟ್ಟು ತೊಲಗಿ ಎಂದು ಅರಚಿದವನೊಬ್ಬ ಹೈದರಾಬಾದ್ ಮೂಲದ ಎಂಜಿನಿಯರನ್ನು ಗುಂಡಿಕ್ಕಿ ಕೊಂದಾಗ ನಮ್ಮಲ್ಲಿ ಅನೇಕರು ಕೆಲವು ವಾರ ಸಂಜೆಯ ಹೊತ್ತು ಹೊರಗೆ ಹೋಗುವುದನ್ನೇ ಬಿಟ್ಟಿದ್ದೆವು. 2025ರ ಸೆಪ್ಟೆಂಬರಿನಲ್ಲಿ ಡಲ್ಲಾಸಿನ ಮೋಟೆಲೊಂದರಲ್ಲಿ ಕರ್ನಾಟಕ ಮೂಲದ ವ್ಯವಸ್ಥಾಪಕರನ್ನು ಹೆಂಡತಿ ಮತ್ತು ಮಗನ ಕಣ್ಣೆದುರೇ ಕಡಿದು ಕೊಂದಾಗ, ಅದುವರೆಗೆ ಬಂದೂಕಿನ ಮಾತೆತ್ತದಿದ್ದ ಮನೆಗಳಲ್ಲೂ ಆ ಮಾತು ಬಂತು. ಇವೆರಡೂ ಸೈಕಲ್ಲಿಗೆ ಸಂಬಂಧಿಸಿದ ಘಟನೆಗಳಲ್ಲ. ಆದರೆ ನಿರ್ಜನ ರಸ್ತೆಯಲ್ಲಿ ಒಬ್ಬನೇ ತುಳಿಯುವಾಗ ಹಿಂದಿನಿಂದ ಪಿಕಪ್ ಟ್ರಕ್ಕಿನ ಸದ್ದು ಕೇಳಿದರೆ ಮನಸ್ಸು ಇವನ್ನೆಲ್ಲ ಒಟ್ಟುಗೂಡಿಸಿಕೊಳ್ಳುತ್ತದೆ, ನನ್ನದೂ ಕೂಡ.

ಬಂದೂಕು ಕಂಡರೆ ಬೆಚ್ಚುವ ಮನೆಯಲ್ಲಿ ಬೆಳೆದವನೂ ನಾನಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮಾಳಿಗೆ ಮೆಟ್ಟಿಲ ಪಕ್ಕದ ಗೂಟಕ್ಕೆ ಒಂದು ಕೇಪಿನ ಕೋವಿ ತೂಗುತ್ತಿತ್ತು. ತೋಟಕ್ಕೆ ನುಗ್ಗುವ ಮಂಗಗಳನ್ನು ಬೆದರಿಸಲು, ಗದ್ದೆಗಿಳಿಯುವ ಹಂದಿಗಳನ್ನು ಓಡಿಸಲು ಅದು ಬೇಕಿತ್ತು. ಮಲೆನಾಡಿನವರಿಗೆ ಗೊತ್ತಿರುವಂತೆ, ಚುನಾವಣೆ ಘೋಷಣೆಯಾದಾಗಲೆಲ್ಲ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಮಂಗಗಳು ಮಾತ್ರ ನೀತಿಸಂಹಿತೆಯನ್ನು ಪಾಲಿಸುವುದಿಲ್ಲ. ಆ ದಿನ ಅಪ್ಪಯ್ಯ ಕೋವಿಗೆ ಗೋಣಿತಾಟು ಸುತ್ತಿ, ಸೈಕಲ್ಲಿನ ಅಡ್ಡಬಾರಿಗೆ ಹಗ್ಗದಲ್ಲಿ ಬಿಗಿದು, ಸೈಕಲ್ಲನ್ನು ಹತ್ತದೆ ಠಾಣೆಯವರೆಗೂ ತಳ್ಳಿಕೊಂಡೇ ಹೋಗುತ್ತಿದ್ದರು. ಕೋವಿಯಲ್ಲಿ ಮದ್ದಿಲ್ಲ, ಕೇಪಿಲ್ಲ, ಹತ್ತಿ ಹೋದರೇನು ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವರು, "ಬಿದ್ರೆ ಎರಡ್ರಲ್ಲಿ ಯಾವುದನ್ನ ಹಿಡ್ಕಳದು?" ಎಂದಿದ್ದರು.

ನನ್ನ ಮೊದಲ ತಕರಾರು ಅವರದೇ. ಜೆರ್ಸಿಯ ನಡುವಿನ ಜೇಬು ಸರಿಯಾಗಿ ಬೆನ್ನುಹುರಿಯ ಮೇಲೆ ಕೂರುತ್ತದೆ. ಮಲ್ಲಕಂಬದವರಲ್ಲದ ನಾವು ಬೀಳುವಾಗ ಬೆನ್ನು ಮೇಲೋ ಕೆಳಗೋ ಎಂದು ಆಯ್ಕೆ ಮಾಡುವುದಿಲ್ಲ. ಹ್ಯಾಂಡಲ್ ಮುಂದಿನ ಚೀಲದಲ್ಲಿಟ್ಟರೆ, ಕಾಫಿಗೆ ನಿಂತಾಗ ಸೈಕಲ್ಲಿನೊಂದಿಗೆ ಪಿಸ್ತೂಲನ್ನೂ ಹೊರಗೆ ಬಿಟ್ಟು ಹೋದಂತಾಗುತ್ತದೆ. ಇನ್ನು ತುಳಿಯುತ್ತಿರುವಾಗಲೇ ಅದನ್ನು ಹೊರತೆಗೆಯುವ ಪ್ರಸಂಗವನ್ನು ಯೋಚಿಸಿ. ಅಮೆರಿಕದ ಸೈಕಲ್ಲುಗಳಲ್ಲಿ ಬಲಗೈಯ ಬ್ರೇಕು ಹಿಂದಿನ ಚಕ್ರದ್ದು, ಎಡಗೈಯದು ಮುಂದಿನ ಚಕ್ರದ್ದು. ಬಲಗೈ ಬೆನ್ನ ಹಿಂದೆ ಜಿಪ್‌ಲಾಕ್ ಚೀಲವನ್ನು ತಡಕುತ್ತಿರುವಾಗ, ಗಾಬರಿಯಲ್ಲಿ ಎಡಗೈ ಬ್ರೇಕನ್ನು ಅಮುಕಿದರೆ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಮುಂದೆ ಬೀಳುತ್ತಾನೆ, ಕೈಯಲ್ಲಿ ಗುಂಡು ತುಂಬಿದ ಪಿಸ್ತೂಲು ಇಟ್ಟುಕೊಂಡು.

ಇದು ಕೈಚಳಕದ ಮಾತಾಯಿತು, ಅಭ್ಯಾಸದಿಂದ ಸರಿಹೋದೀತು ಎನ್ನುವವರಿದ್ದಾರೆ. ಆದರೆ ನಮ್ಮನ್ನು ಕೊಲ್ಲುವುದು ಯಾವುದು, ಅದು ಯಾವ ದಿಕ್ಕಿನಿಂದ ಬರುತ್ತದೆ ಎಂಬುದು ಅಭ್ಯಾಸದಿಂದ ಬದಲಾಗುವಂಥದ್ದಲ್ಲ. ಅಮೆರಿಕದ ರಸ್ತೆಗಳಲ್ಲಿ 2022ರಲ್ಲಿ ವಾಹನಗಳಿಗೆ ಸಿಕ್ಕಿ ಸತ್ತ ಸೈಕಲ್ ಸವಾರರು 1,100ಕ್ಕೂ ಹೆಚ್ಚು. ಗಂಟೆಗೆ 60 ಮೈಲಿ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 27 ಮೀಟರ್ ಸಾಗುತ್ತದೆ. ಅದು ನಮ್ಮನ್ನು ಉಜ್ಜಿಕೊಂಡು ಹೋಯಿತೆಂದು ಅರಿವಾಗುವಷ್ಟರಲ್ಲಿ ನಮಗೆ ಉಳಿಯುವುದು ಅದರ ಬೆನ್ನು ಮತ್ತು, ಅದೃಷ್ಟವಿದ್ದರೆ, ನಂಬರ್ ಪ್ಲೇಟು.

2023ರ ಆಗಸ್ಟ್ 14ರ ಬೆಳಗಿನ ಜಾವ ಲಾಸ್ ವೇಗಸ್‌ನಲ್ಲಿ ರಸ್ತೆಯಂಚಿನಲ್ಲಿ ಸೈಕಲ್ ತುಳಿಯುತ್ತಿದ್ದ 64 ವರ್ಷದ ವ್ಯಕ್ತಿಯೊಬ್ಬರಿಗೆ ಕಾರಿನಲ್ಲಿದ್ದ ಹುಡುಗರು ಬೇಕೆಂದೇ ಹಿಂದಿನಿಂದ ಗುದ್ದಿ ಕೊಂದರು. ಗುದ್ದುವುದನ್ನು ಚಿತ್ರೀಕರಿಸಿಯೂ ಇದ್ದರು. ಸತ್ತವರು ಕ್ಯಾಲಿಫೋರ್ನಿಯಾದ ಊರೊಂದರ ನಿವೃತ್ತ ಪೊಲೀಸ್ ಮುಖ್ಯಸ್ಥರು. ಬಂದೂಕಿನ ತರಬೇತಿ ಅವರಿಗಿಂತ ಹೆಚ್ಚಾಗಿ ನಮ್ಮಲ್ಲಿ ಯಾರಿಗಿದೆ? ತರಬೇತಿ ಅಲ್ಲಿ ಯಾವ ಪ್ರಯೋಜನಕ್ಕೂ ಬರುವಂತಿರಲಿಲ್ಲ, ಏಕೆಂದರೆ ಅವರು ಆ ಕಾರಿನ ಕಡೆ ತಿರುಗಿ ನೋಡುವ ಸಂದರ್ಭವೇ ಬರಲಿಲ್ಲ.

ನಮ್ಮದೇ ರಾಜ್ಯದ ವಾಲರ್ ಕೌಂಟಿಯ ಪ್ರಕರಣ ನಿಮಗೆ ನೆನಪಿರಬಹುದು. 2021ರ ಸೆಪ್ಟೆಂಬರ್ 25ರಂದು 16 ವರ್ಷದ ಹುಡುಗನೊಬ್ಬ ಪಿಕಪ್ ಟ್ರಕ್ಕಿನಿಂದ ಸೈಕಲ್ ಸವಾರರ ಮುಖಕ್ಕೆ ಕಪ್ಪು ಹೊಗೆ ಉಗುಳಿಸುವ ಆಟಕ್ಕಿಳಿದು ಆರು ಮಂದಿಯ ಮೇಲೆ ವಾಹನ ನುಗ್ಗಿಸಿದ. ಸ್ಥಳದಲ್ಲಿ ಅವನನ್ನು ಬಂಧಿಸಲಿಲ್ಲ, ಮನೆಗೆ ಹೋಗಲು ಬಿಟ್ಟರು. ಸವಾರರೂ ಅವರ ವಕೀಲರೂ ಸುಮ್ಮನೆ ಕೂರಲಿಲ್ಲ. ನವೆಂಬರಿನ ಹೊತ್ತಿಗೆ ಅವನ ಮೇಲೆ ಮಾರಕಾಯುಧದಿಂದ ತೀವ್ರ ಹಲ್ಲೆ ನಡೆಸಿದ ಆರು ಆರೋಪಗಳು ದಾಖಲಾದವು. ಮಾರಕಾಯುಧ ಎಂದು ಹೆಸರಿಸಿದ್ದು ಆ ಟ್ರಕ್ಕನ್ನೇ. ಗಾಯಗೊಂಡು ರಸ್ತೆಯಲ್ಲಿ ಬಿದ್ದವರ ಪೈಕಿ ಒಬ್ಬರ ಬಳಿ ಪಿಸ್ತೂಲಿದ್ದು, ಅವರು ಅದನ್ನು ಹೊರತೆಗೆದಿದ್ದರೆ, ಆ ಪ್ರಕರಣದಲ್ಲಿ ಆರೋಪಿ ಯಾರಾಗುತ್ತಿದ್ದರು ಎಂದು ನಾನು ಆಗಾಗ ಯೋಚಿಸುತ್ತೇನೆ. ಟೆಕ್ಸಾಸಿನ ದಂಡಸಂಹಿತೆಯ ಪ್ರಕಾರ ಒಳಗೆ ಜನರಿದ್ದಾರೋ ಇಲ್ಲವೋ ಎಂದು ಲೆಕ್ಕಿಸದೆ ವಾಹನದ ಕಡೆಗೆ ಗುಂಡು ಹಾರಿಸುವುದು 2ರಿಂದ 10 ವರ್ಷಗಳ ಸೆರೆವಾಸದ ಅಪರಾಧ. ಆತ್ಮರಕ್ಷಣೆಗೆಂದು ಮಾರಕ ಬಲ ಬಳಸಿದೆ ಎನ್ನಬೇಕಾದರೆ ಅದು ಆ ಕ್ಷಣಕ್ಕೆ ಅಗತ್ಯವಾಗಿತ್ತೆಂದು ತೋರಿಸಬೇಕು. ಹೊರಟುಹೋಗುತ್ತಿರುವ ಟ್ರಕ್ಕಿನ ಬೆನ್ನಿಗೆ ಗುಂಡು ಹೊಡೆದವರು ಅದನ್ನು ಹೇಗೆ ತೋರಿಸಿಯಾರು?

ಈಗ ಕಾನೂನಿನ ಇನ್ನೊಂದು ಮುಖಕ್ಕೆ ಬರುತ್ತೇನೆ. ಈ ಪತ್ರದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸಿನಲ್ಲಿ 21 ದಾಟಿದವರು ಪರವಾನಗಿ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು ಎಂಬ ಕಾನೂನು ಜಾರಿಯಲ್ಲಿದೆ. "ಇಲ್ಲಿ ಯಾರು ಬೇಕಾದರೂ ಇಟ್ಟುಕೊಳ್ಳಬಹುದಂತೆ" ಎಂದು ನಮ್ಮವರು ಹೇಳುವುದು ಅದನ್ನು ಕೇಳಿಯೇ. ಅದು ರಾಜ್ಯದ ಕಾನೂನು. ಅದರ ಮೇಲೆ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಕಾನೂನು ಇದೆ. ಆ ಕಾನೂನಿನಂತೆ ಎಚ್‌-1ಬಿ, ಎಚ್‌-4, ಎಫ್‌-1, ಎಲ್‌-1 ಮುಂತಾದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವಂತಿಲ್ಲ. ಹೊಂದುವುದು ಎಂದರೆ ಖರೀದಿಸುವುದಷ್ಟೇ ಅಲ್ಲ. ಗೆಳೆಯರ ಪಿಸ್ತೂಲನ್ನು "ಸ್ವಲ್ಪ ಹಿಡಿದಿರಿ, ಟ್ಯೂಬು ಬದಲಿಸಿಬಿಡುತ್ತೇನೆ" ಎಂದು ನಿಮ್ಮ ಜೇಬಿಗೆ ಹಾಕಿದರೂ ಅದು ನಿಮ್ಮ ವಶದಲ್ಲಿದ್ದಂತೆಯೇ. 2022ರ ತಿದ್ದುಪಡಿಯ ಬಳಿಕ ಇದಕ್ಕೆ ಗರಿಷ್ಠ ಶಿಕ್ಷೆ 15 ವರ್ಷ. ಬೇಟೆಯ ಪರವಾನಗಿ ಪಡೆದವರಿಗೆ ಇದರಿಂದ ವಿನಾಯಿತಿ ಇರುವುದು ನಿಜ, ಆ ದಾರಿಯನ್ನು ತೋರಿಸುವ ಸಲಹೆಗಾರರೂ ನಮ್ಮ ನಡುವೆ ಇದ್ದಾರೆ. ಜಿಂಕೆ ಹೊಡೆಯಲೆಂದು ಪಡೆದ ಕಾಗದವನ್ನು ಜೆರ್ಸಿಯ ಜೇಬಿನ ಪಿಸ್ತೂಲಿಗೆ ತಾಳೆ ಹಾಕಿ ವೀಸಾ ಅಧಿಕಾರಿಗೆ ವಿವರಿಸುವ ಪ್ರಮೇಯ ಬಂದಾಗ ಆ ಸಲಹೆಗಾರರು ಪಕ್ಕದಲ್ಲಿ ನಿಂತಿರುವುದಿಲ್ಲ ಎಂದಷ್ಟೇ ಹೇಳಬಲ್ಲೆ.

ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧವಿಲ್ಲ. ಆದರೆ ಬಂದೂಕಿನ ಅಪರಾಧವೊಂದು ಸಾಬೀತಾದರೆ ಗಡೀಪಾರಿಗೆ ಅದೇ ಸಾಕಾದೀತು. ಒಂದು ದಶಕ ಕಾದು ಪಡೆದ ಕಾರ್ಡನ್ನು ಸಿಗ್ನಲ್ಲಿನ ಬಳಿಯ ಜಗಳಕ್ಕೆ ಪಣ ಇಡುವಷ್ಟು ಧಾರಾಳಿಗಳು ನಾವಲ್ಲ. ನಮ್ಮ ಭಾನುವಾರದ ಗುಂಪಿನ ಎಂಟು ಜನರಲ್ಲಿ ನಾಲ್ವರು ಎಚ್‌-1ಬಿಯವರು. "ಗುಂಪಿಗೊಂದು ಪಿಸ್ತೂಲು" ಎಂಬ ನಿಯಮ ಮಾಡಿದರೆ ಆ ನಾಲ್ವರ ನೆತ್ತಿಯ ಮೇಲೆ ಅವರು ಕೇಳದ ಕತ್ತಿಯೊಂದನ್ನು ತೂಗುಹಾಕಿದಂತೆ.

ಸಿಗ್ನಲ್ಲಿನ ಜಗಳ ಎಂದೆನಲ್ಲ, ಅದು ಊಹೆಯ ಮಾತಲ್ಲ. ಆರು ವರ್ಷದ ಹಿಂದೆ ಪಾರ್ಮರ್ ಲೇನಿನಲ್ಲಿ ಪಿಕಪ್ ಒಂದು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರದಿಂದ ಹಾದುಹೋಯಿತು. ಮುಂದಿನ ಸಿಗ್ನಲ್ಲಿನಲ್ಲಿ ಅದನ್ನು ಹಿಡಿದ ನಾನು, ನಲವತ್ತಾರು ವಯಸ್ಸಿನ ಸಾಧು ಗೃಹಸ್ಥ, ಅದರ ಬಾಗಿಲಿಗೆ ಅಂಗೈಯಿಂದ ಎರಡು ಬಾರಿ ಬಡಿದೆ. ಬಾಯಿಂದ ಹೊರಟದ್ದು ಅಚ್ಚ ತೀರ್ಥಹಳ್ಳಿಯ ಬೈಗುಳ. ಅರ್ಥ ತಿಳಿಯದಿದ್ದರೂ ಭಾವ ತಿಳಿದಿರಬೇಕು, ಚಾಲಕ ಕೆಳಗಿಳಿದ. ಅವನ ಅಂಗಿಯ ಅಂಚು ಬೆಲ್ಟಿನ ಬಳಿ ಉಬ್ಬಿತ್ತು. ಅವನ ಬಲಗೈ ಅದರ ಹತ್ತಿರವೇ ನಿಂತಿತ್ತು. ಅದು ಮೊಬೈಲೋ ಪಿಸ್ತೂಲೋ ಎಂದು ನೋಡುತ್ತ ನಾನು ನನ್ನ ಎರಡೂ ಕೈಗಳನ್ನು ಹ್ಯಾಂಡಲ್ ಮೇಲೆ ಕಾಣುವಂತೆ ಇಟ್ಟು "ಸಾರಿ" ಎಂದೆ. ಅವನು ಬಾಗಿಲಿನ ಮೇಲೆ ಗೀರು ಬಿದ್ದಿದೆಯೇ ಎಂದು ಬಗ್ಗಿ ನೋಡಿ, ಒಂದೆರಡು ಮಾತು ಆಡಿ, ಹತ್ತಿಕೊಂಡು ಹೋದ. ಉಬ್ಬಿದ್ದು ಏನೆಂದು ಇವತ್ತಿಗೂ ನನಗೆ ತಿಳಿಯದು. ಆ ದಿನ ನನ್ನ ಬೆನ್ನ ಜೇಬಿನಲ್ಲೂ ಒಂದು ಪಿಸ್ತೂಲು ಇದ್ದಿದ್ದರೆ ನಾನು "ಸಾರಿ" ಎನ್ನುತ್ತಿದ್ದೆನೇ? ಎನ್ನುತ್ತಿರಲಿಲ್ಲವೆಂದು ನನ್ನನ್ನು ನಾನು ಬಲ್ಲಷ್ಟರ ಮಟ್ಟಿಗೆ ಹೇಳುತ್ತೇನೆ. ಬೆನ್ನ ಹಿಂದೆ ಕೈ ಒಯ್ದಿದ್ದರೂ ಸಾಕಿತ್ತು, ಅವನಿಗೆ ಕಾರಣ ಸಿಗುತ್ತಿತ್ತು.

2009ರ ಜುಲೈಯಲ್ಲಿ ನಾರ್ತ್ ಕೆರೊಲಿನಾದ ಆಶ್‌ವಿಲ್‌ನಲ್ಲಿ, ಮಗುವನ್ನು ಕೂರಿಸಿಕೊಂಡು ದಟ್ಟ ಸಂಚಾರದ ರಸ್ತೆಯಲ್ಲಿ ಸೈಕಲ್ ತುಳಿದದ್ದು ತಪ್ಪೆಂದು ಜಗಳ ತೆಗೆದ ಅಗ್ನಿಶಾಮಕ ದಳದ ನೌಕರನೊಬ್ಬ ಆ ತಂದೆಯ ಮೇಲೆ ಗುಂಡು ಹಾರಿಸಿದ. ಗುಂಡು ಹೆಲ್ಮೆಟ್ಟನ್ನು ಸೀಳಿತು, ತಲೆ ಉಳಿಯಿತು. ಮಗುವಿನ ಸುರಕ್ಷತೆಗಾಗಿ ಕೂಗಾಡಿದವನೇ ಆ ಮಗುವಿನ ಅಪ್ಪನ ತಲೆಗೆ ಗುರಿಯಿಟ್ಟದ್ದು. ಶಿಕ್ಷೆ 120 ದಿನಗಳ ಜೈಲು. ಎದುರು ಪಕ್ಷದವರ ಬಳಿ ಆಯುಧವಿರಬಹುದಾದ ದೇಶದಲ್ಲಿ ನಮ್ಮ ಬಳಿಯೂ ಇರಲಿ ಎಂಬ ವಾದಕ್ಕೆ ಇದನ್ನೇ ಉದಾಹರಣೆಯಾಗಿ ಕೊಡುವವರಿದ್ದಾರೆ. ಮಗು ಹಿಂದೆ ಕುಳಿತಿರುವಾಗ ಆ ತಂದೆ ತಿರುಗಿ ಗುಂಡು ಹಾರಿಸಬೇಕಿತ್ತು ಎನ್ನುವುದಾದರೆ, ಆ ವಾದವನ್ನು ನಾನು ಅಲ್ಲಿಗೇ ಬಿಡುತ್ತೇನೆ.

ನಾಯಿಗಳ ವಿಷಯ. ಫಾರ್ಮ್-ಟು-ಮಾರ್ಕೆಟ್ ಎಂದು ಇಲ್ಲಿ ಕರೆಯುವ ಹಳ್ಳಿಗಾಡಿನ ರಸ್ತೆಗಳ ಪಕ್ಕದ ತೋಟದ ಮನೆಗಳಿಂದ ಕಟ್ಟಿಹಾಕದ ನಾಯಿಗಳು ಅಟ್ಟಿಸಿಕೊಂಡು ಬರುವುದು ನಮ್ಮೆಲ್ಲರ ಅನುಭವ. ಪಿಸ್ತೂಲು ಬೇಕೆನ್ನುವವರಲ್ಲಿ ಅರ್ಧದಷ್ಟು ಮಂದಿ ಮೊದಲು ಹೇಳುವುದು ಇದನ್ನೇ. ಹೊಸ ವಾದವೇನಲ್ಲ. 1890ರ ದಶಕದಲ್ಲಿ ಸೈಕಲ್ ಹುಚ್ಚು ಯುರೋಪನ್ನು ಹಿಡಿದಿದ್ದಾಗ ಫ್ರಾನ್ಸಿನ ಗಾಲಾನ್ ಎಂಬ ಬಂದೂಕು ತಯಾರಕರು ಸವಾರರಿಗೆಂದೇ ಜೇಬಿನೊಳಗೆ ಹಿಡಿಯುವ "ವೆಲೊ-ಡಾಗ್" ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ತಂದರು. ಅಮೆರಿಕದ ಐವರ್ ಜಾನ್ಸನ್ ಕಂಪನಿ ಸೈಕಲ್ಲನ್ನೂ ರಿವಾಲ್ವರನ್ನೂ ತಯಾರಿಸಿ ಮಾರುತ್ತಿತ್ತು. ನಮ್ಮೂರಿನಲ್ಲಿ ಮೇಷ್ಟ್ರುಗಳು ತುಳಿಯುತ್ತಿದ್ದ ಬಿಎಸ್‌ಎ ಸೈಕಲ್ಲಿನ ಹೆಸರು ಬಂದದ್ದು ಬರ್ಮಿಂಗ್‌ಹ್ಯಾಮಿನ ಬಂದೂಕು ಕಾರ್ಖಾನೆಯಿಂದ. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳೇ ಆ ಕಂಪನಿಯ ಗುರುತು. ಸೈಕಲ್ಲಿಗೂ ಬಂದೂಕಿಗೂ ನಂಟು ಅಷ್ಟು ಹಳೆಯದು. ಆದರೆ ವೆಲೊ-ಡಾಗಿನ ತೋಟೆಗಳಲ್ಲಿ ಸೀಸದ ಗುಂಡಿನ ಬದಲು ಖಾರದ ಪುಡಿ ತುಂಬಿದವೂ, ಮೇಣ ಅಥವಾ ಬೆಂಡಿನ ಗುಂಡಿನವೂ ಇದ್ದವು. ನಾಯಿಗೆ ಖಾರದ ಪುಡಿ ಸಾಕೆಂದು ಬಂದೂಕು ಮಾರುವವರಿಗೇ ಗೊತ್ತಿತ್ತು. ಇಂದಿಗೂ ಈ ದೇಶದ ಅಂಚೆಯವರು ನಾಯಿಯನ್ನು ತಡೆಯಲು ಒಯ್ಯುವುದು ಮೆಣಸಿನ ಸ್ಪ್ರೇಯನ್ನೇ. ಅದರ ಡಬ್ಬಿ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಳ್ಳುವಷ್ಟು ಚಿಕ್ಕದು, ಟೆಕ್ಸಾಸಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಗುರಿ ತಪ್ಪಿದರೆ ರಸ್ತೆಯಾಚೆಯ ಮನೆಯ ಕಿಟಕಿಯೊಳಗೆ ಹೋಗಿ ಅದು ಯಾರನ್ನೂ ಕೊಲ್ಲುವುದಿಲ್ಲ.

ನನ್ನ ವಾದ ಸ್ವಲ್ಪ ತಡವರಿಸುವ ಒಂದು ಜಾಗವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಗುಂಪಿನ ಸೋದರಿಯೊಬ್ಬರು, ಇಲ್ಲಿನ ಪೌರರು, ಕೆಲಸದ ಕಾರಣದಿಂದ ಬೆಳಗಿನ ಜಾವ ಐದಕ್ಕೆ ಒಬ್ಬರೇ ತುಳಿಯುವವರು, ನನ್ನ ಮಾತನ್ನು ಕೇಳಿ "ನಿಮಗೆ ಹೇಳೋದು ಸುಲಭ ಅಣ್ಣ" ಎಂದರು. ಒಮ್ಮೆ ವ್ಯಾನೊಂದು ದೀಪ ಆರಿಸಿಕೊಂಡು ನಾಲ್ಕು ಮೈಲಿ ಅವರ ಹಿಂದೆ ನಿಧಾನವಾಗಿ ಬಂದಿತ್ತು. ಅವರು ಅಗ್ನಿಶಾಮಕ ಠಾಣೆಯೊಂದರ ಬೆಳಕಿನೊಳಗೆ ಸೈಕಲ್ ತಿರುಗಿಸಿ ಬಚಾವಾದರು. ಠಾಣೆ ಇಲ್ಲದ ರಸ್ತೆಯಾಗಿದ್ದರೆ? ನನ್ನ ಬಳಿ ಅದಕ್ಕೆ ಪೂರ್ತಿ ಉತ್ತರವಿಲ್ಲ. ಕಾನೂನು ಅನುಮತಿಸಿದ, ತರಬೇತಿ ಪಡೆದ, ಮೈಗೆ ಬಿಗಿಯಾಗಿ ಕೂರುವ ಹೋಲ್ಸ್ಟರಿನಲ್ಲಿ ಅದನ್ನು ಧರಿಸಬಲ್ಲ ಅವರಂಥವರು ಒಂಟಿ ಸವಾರಿಗೆ ಒಯ್ಯುತ್ತೇನೆಂದರೆ, ಒಯ್ಯಬೇಡಿ ಎನ್ನುವ ಅಧಿಕಾರ ನನಗಿದೆಯೆಂದು ಅನಿಸುವುದಿಲ್ಲ. ಅವರಿಗೆ ನಾನು ನೆನಪಿಸಿದ್ದು ಒಂದೇ. ವಾರಕ್ಕೆ ಎಂಟು ಗಂಟೆ ತುಳಿಯುವವರ ಪಿಸ್ತೂಲು ಉಳಿದ 160 ಗಂಟೆ ಮನೆಯಲ್ಲಿರುತ್ತದೆ. 2022ರಲ್ಲಿ ಈ ದೇಶದಲ್ಲಿ ಬಂದೂಕಿನಿಂದ ಸತ್ತ 48,000ಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಸುಮಾರು 27,000 ಜನ, ಆತ್ಮಹತ್ಯೆ ಮಾಡಿಕೊಂಡವರು. ಪರೀಕ್ಷೆ, ಕಾಲೇಜು ಪ್ರವೇಶ ಎಂದು ಕುದಿಯುವ ಹದಿಹರೆಯದ ಮಕ್ಕಳಿರುವ ಮನೆಗಳು ನಮ್ಮವು. 17 ತುಂಬದ ಮಗುವಿನ ಕೈಗೆ ಗುಂಡು ತುಂಬಿದ ಬಂದೂಕು ಸಿಗುವಂತೆ ಇಡುವುದು ಟೆಕ್ಸಾಸಿನಲ್ಲೂ ಅಪರಾಧ. ಅವರು ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ನಾವು ಮೂವರು ವಾರಕ್ಕೆರಡು ದಿನ ಐದು ಗಂಟೆಗೆ ಅವರ ಜೊತೆ ಹೊರಡುತ್ತಿದ್ದೇವೆ. ನನ್ನ ಹೆಂಡತಿಗೆ ಅಲಾರ್ಮಿನ ಸದ್ದಿನ ಮೇಲೆ ಮಾತ್ರ ಕೋಪ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಗುಂಪಿನ ಸವಾರಿಗೆ ಯಾರೂ ಬಂದೂಕು ತರಬಾರದೆಂದು ಪ್ರತಿ ಗುಂಪೂ ಮಾತಾಡಿ ಒಪ್ಪಿಕೊಳ್ಳಲಿ. ತಂದವರು ಮುಜುಗರವಿಲ್ಲದೆ ಹೇಳಲಿ, ಉಳಿದವರು ಆ ದಿನ ಬೇರೆ ದಾರಿ ಹಿಡಿಯುವ ಸ್ವಾತಂತ್ರ್ಯ ಇಟ್ಟುಕೊಳ್ಳಲಿ. ಪಿಸ್ತೂಲಿಗೆ ಖರ್ಚು ಮಾಡಬೇಕೆಂದಿದ್ದ ಐದಾರು ನೂರು ಡಾಲರನ್ನು ಹಿಂದಿನ ರಾಡಾರ್ ದೀಪಕ್ಕೂ ಕ್ಯಾಮೆರಾಕ್ಕೂ ಹಾಕಿ. ಗಾರ್ಮಿನ್ ಕಂಪನಿಯ ವೇರಿಯಾ ರಾಡಾರ್ ಹಿಂದಿನಿಂದ ಬರುವ ವಾಹನವನ್ನು 140 ಮೀಟರ್ ದೂರದಲ್ಲೇ ಸೂಚಿಸುತ್ತದೆ. 60 ಮೈಲಿ ವೇಗದ ಟ್ರಕ್ಕು, 15 ಮೈಲಿ ವೇಗದ ನೀವು ಎಂದಿಟ್ಟುಕೊಂಡರೆ ನಿಮಗೆ ಸಿಗುವುದು ಹೆಚ್ಚುಕಡಿಮೆ ಏಳು ಸೆಕೆಂಡು. ಹುಲ್ಲಿನ ಮೇಲೆ ಇಳಿಯಲು ಅಷ್ಟು ಸಾಕು.

ನಮ್ಮಲ್ಲಿ ಮತದ ಹಕ್ಕಿರುವವರಿಗೆ ಇನ್ನೊಂದು ಕೆಲಸವಿದೆ. ಸೈಕಲ್ ಸವಾರರನ್ನು ದಾಟುವ ವಾಹನ ಕನಿಷ್ಠ ಮೂರು ಅಡಿ, ದೊಡ್ಡ ವಾಹನವಾದರೆ ಆರು ಅಡಿ ಅಂತರ ಬಿಡಬೇಕೆಂದು ಆಸ್ಟಿನ್ ನಗರ ತನ್ನ ಮಟ್ಟಿಗೆ ನಿಯಮ ಮಾಡಿಕೊಂಡಿದೆ. ಇಡೀ ರಾಜ್ಯಕ್ಕೆ ಅಂಥ ನಿಯಮ ತರುವ ಮಸೂದೆ 2009ರಲ್ಲಿ ಶಾಸನಸಭೆಯ ಎರಡೂ ಸದನಗಳಲ್ಲಿ ಅಂಗೀಕಾರವಾಗಿ, ಅಂದಿನ ಗವರ್ನರ್ ರಿಕ್ ಪೆರಿ ಅವರ ವೀಟೊದಿಂದ ಬಿದ್ದುಹೋಯಿತು. ಟೆಕ್ಸಾಸ್ ಶಾಸನಸಭೆಯ ನಿಯತ ಅಧಿವೇಶನ ಬೆಸ ಸಂಖ್ಯೆಯ ವರ್ಷಗಳಲ್ಲಿ ಮಾತ್ರ, ಹೆಚ್ಚೆಂದರೆ 140 ದಿನ, ಸೇರುತ್ತದೆ. ಮುಂದಿನ ಸರದಿ 2027ರ ಜನವರಿ. ನಿಮ್ಮ ಕ್ಷೇತ್ರದ ಪ್ರತಿನಿಧಿಗೆ ಬರೆಯಲು ಒಂದು ಮಾದರಿ ಪತ್ರವನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದಕ್ಕೆ ನಿಮ್ಮ ರಸ್ತೆಯ ಹೆಸರು, ಅಲ್ಲಿ ನಿಮಗಾದ ಅನುಭವ ಸೇರಿಸಿ ಕಳುಹಿಸಿ.

ಈ ಭಾನುವಾರ ಎಂದಿನಂತೆ ಬೆಳಗ್ಗೆ ಆರೂವರೆಗೆ ಹೊರಡುತ್ತೇವೆ. ಪಿಸ್ತೂಲು ತಂದಿದ್ದ ಗೆಳೆಯರಿಗೆ ಈ ಪತ್ರವನ್ನು ಮೊದಲೇ ಓದಿಸಿದ್ದೇನೆ. ಎರಡು ಕಡೆ ಅವರು ಒಪ್ಪಲಿಲ್ಲ, ಒಂದು ಕಡೆ ನನ್ನ ಲೆಕ್ಕ ತಿದ್ದಿದರು. ಅವರೂ ಬರುತ್ತಾರೆ.

ಇಂತಿ,
ನಿಮ್ಮೊಡನೆ ತುಳಿಯುವ ಒಬ್ಬ ಮಲೆನಾಡಿಗ
ಲಿಯಾಂಡರ್, ಟೆಕ್ಸಾಸ್